ಪಿಕಪ್ ಟ್ರಕ್ಕಿನೊಳಗೊಂದು ಆಲೆಮನೆ

ಹೋದ ಜನವರಿಯ ಒಂದು ಬೆಳಿಗ್ಗೆ. ಹೊರಗೆ ಮೈನಸ್ 18 ಡಿಗ್ರಿ. ಟ್ರಕ್ ಸ್ಟಾರ್ಟ್ ಮಾಡಿ, ಹೀಟರ್ ಹಾಕಿ, ಮುಂದಿನ ಗಾಜಿನ ಮೇಲಿನ ಮಂಜು ಕರಗಲಿ ಅಂತ ಕೈ ಉಜ್ಜಿಕೊಳ್ಳುತ್ತಾ ಕೂತಿದ್ದೆ. ಐದು ನಿಮಿಷ ಆಗಿರಬಹುದು, ಮೂಗಿಗೆ ಬೆಲ್ಲದ ಪಾಕದ ವಾಸನೆ ಬಡಿಯಿತು! ಸುಳ್ಳಲ್ಲ, ನಮ್ಮೂರ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸೋ ಹೊತ್ತಿಗೆ ಬರುತ್ತಲ್ಲ, ಹೆಚ್ಚುಕಡಿಮೆ ಅದೇ. ಮಂಡ್ಯದ ಕಡೆ ಹುಟ್ಟಿದವನಿಗೆ ಆ ವಾಸನೆ ಬಂದರೆ ಮೊದಲು ಬಾಯಲ್ಲಿ ನೀರು ಬರುತ್ತೆ, ಅನುಮಾನ ಆಮೇಲೆ. ಡೆಟ್ರಾಯಿಟ್ ಹತ್ತಿರದ ಒಂದು ಪಾರ್ಕಿಂಗ್ ಲಾಟಿನಲ್ಲಿ, ಹಿಮದ ಮಧ್ಯೆ, ಯಾವ ಪುಣ್ಯಾತ್ಮ ಕಬ್ಬಿನ ಹಾಲು ಕಾಯಿಸ್ತಿದಾನೆ?

ಸಾಫ್ಟ್‌ವೇರ್ ಇಂಜಿನಿಯರ್ರಿಗೆ ಪಿಕಪ್ ಯಾಕೆ ಅಂತ ಕೇಳಬೇಡಿ, ಆ ಪ್ರಶ್ನೆ ಅವ್ವ ಈಗಾಗಲೇ ಕೇಳಿಯಾಗಿದೆ. ಸಹೋದ್ಯೋಗಿಯೊಬ್ಬ ಊರು ಬಿಟ್ಟು ಹೊರಟಿದ್ದ, ಇಪ್ಪತ್ತು ವರ್ಷ ಹಳೆಯ ಗಾಡಿ, ರೇಟು ಕಮ್ಮಿ, ನಾನು ಬಿದ್ದೆ. ಅಷ್ಟೆ.

ಎರಡು ವಾರ ಆ ವಾಸನೆಯ ಹಿಂದೆ ಅಲೆದೆ. ಬಾನೆಟ್ ಎತ್ತಿ ನೋಡಿದರೆ ಎಲ್ಲಾ ಒಣಗಿದೆ. ಟ್ರಕ್ಕಿನ ಕೆಳಗೆ ರಟ್ಟು ಹಾಸಿ ರಾತ್ರಿಯೆಲ್ಲ ಬಿಟ್ಟೆ, ಬೆಳಿಗ್ಗೆ ಒಂದು ಹನಿ ಕಲೆ ಇಲ್ಲ. ರೇಡಿಯೇಟರ್ ಮುಚ್ಚಳ ಸಡಿಲ ಇರಬಹುದು ಅಂತ ಹೊಸದು ಹಾಕಿದೆ. ಹೋಸ್‌ಗಳ ಕ್ಲಾಂಪ್ ಬಿಗಿ ಮಾಡಿದೆ. ವಾಟರ್ ಪಂಪಿನ ಅಡಿ ಟಾರ್ಚ್ ಹಿಡಿದು ಇಣುಕಿದೆ. ಆದರೆ ಕೂಲಂಟ್ ಡಬ್ಬಿಯಲ್ಲಿ ಮಟ್ಟ ಮಾತ್ರ ವಾರಕ್ಕೆ ಒಂದು ಬೆರಳಿನಷ್ಟು ಇಳೀತಾ ಇತ್ತು. ಲಾಗ್‌ನಲ್ಲಿ ಎರರ್ ಇಲ್ಲ, ಮೆಮೊರಿ ಮಾತ್ರ ಲೀಕ್ ಆಗ್ತಿದೆ ಅನ್ನೋ ಥರ... ನಮ್ಮ ಕಸುಬಿನವರಿಗೆ ಈ ಸಂಕಟ ಗೊತ್ತಿರುತ್ತೆ.

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನ ಹತ್ತಿರ ಹೇಳಿಕೊಂಡೆ. ಅಪ್ಪ ಮೂವತ್ತು ವರ್ಷ ಟ್ರಾಕ್ಟರ್ ಓಡಿಸಿದ ಮನುಷ್ಯ.

"ಅದೇನ್ ಮಗ ಅದು ಕೂಲಂಟು? ನೀರ್ ಹಾಕಿದ್ರೆ ಆಗಕಿಲ್ವಾ?"

"ಇಲ್ಲಿ ನೀರು ಗಡ್ಡೆ ಕಟ್ತದೆ ಕಣಪ್ಪ."

"ಸರಿ, ಕಟ್ತದೆ. ಕೂಲಂಟು ಹುಟ್ಟೋಕ್ ಮುಂಚೆ ಅಲ್ಲಿ ಜನ ಗಾಡಿ ಓಡಿಸ್ತಿರ್ಲಿಲ್ವಾ?"

ಇಂಜಿನಿಯರಿಂಗ್ ಓದಿದ ನನಗೆ ಉತ್ತರ ಗೊತ್ತಿರಲಿಲ್ಲ. ಥರ್ಮೋಡೈನಮಿಕ್ಸ್‌ನಲ್ಲಿ ಪಾಸಾಗಿದ್ದೆ ಬಿಡಿ, ಹೇಗೆ ಅಂತ ಮಾತ್ರ ಕೇಳಬೇಡಿ :-) ಆ ಪ್ರಶ್ನೆ ಹಿಡಿದು ಓದೋಕೆ ಕೂತವನಿಗೆ, ಹುಡುಕುತ್ತಿದ್ದ ಸೋರಿಕೆಗಿಂತ ದೊಡ್ಡದೊಂದು ಕತೆ ಸಿಕ್ಕಿತು. ನನ್ನ ಟ್ರಕ್ಕಿನ ಆ ಸಿಹಿ ವಾಸನೆಗೆ ನೂರು ವರ್ಷದ ಚರಿತ್ರೆ ಇದೆ. ಅದರಲ್ಲಿ ಡೈನಮೈಟ್ ಇದೆ, ಯುದ್ಧವಿಮಾನ ಇದೆ, ಮಕ್ಕಳ ಕೆಮ್ಮಿನ ಔಷಧಿಯೂ ಇದೆ.

ಮೊದಲು ನೀರಿನ ಕಾಲ. 1886ರಲ್ಲಿ ಕಾರ್ಲ್ ಬೆಂಜ್ ಮಾಡಿದ ಮೂರು ಗಾಲಿಯ ಮೋಟಾರ್ ಗಾಡಿಯಲ್ಲಿ ಈಗಿನ ಥರದ ರೇಡಿಯೇಟರೇ ಇರಲಿಲ್ಲ. ಸಿಲಿಂಡರಿನ ಸುತ್ತ ನೀರು, ಅದು ಕುದಿದು ಆವಿಯಾಗಿ ಹೋಗೋದು, ಆವಿಯ ಜೊತೆ ಶಾಖವೂ ಹೋಗೋದು. ಅಂದರೆ ಗಾಡಿ ಓಡಿದಷ್ಟೂ ನೀರು ಹುಯ್ಯುತ್ತಾ ಇರಬೇಕು. 1888ರ ಆಗಸ್ಟಿನಲ್ಲಿ ಬೆಂಜನ ಹೆಂಡತಿ ಬರ್ತಾ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರದ ತವರಿಗೆ ಆ ಗಾಡಿ ಓಡಿಸಿಕೊಂಡು ಹೋದಳು. ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡ ಕತೆಯನ್ನು ಎಲ್ಲರೂ ಹೇಳ್ತಾರೆ. ದಾರಿಯುದ್ದಕ್ಕೂ ನೀರು ಹುಡುಕಿ ಹುಡುಕಿ ತುಂಬಿಸಬೇಕಾಗಿತ್ತು ಅನ್ನೋದನ್ನ ಯಾರೂ ಅಷ್ಟಾಗಿ ಹೇಳಲ್ಲ. ನನಗೆ ಅದೇ ಹೆಚ್ಚು ಹಿಡಿಸಿತು. ಬಿಸಿಲಲ್ಲಿ ಟ್ರಾಕ್ಟರ್ ನಿಲ್ಲಿಸಿ, ಡಬ್ಬ ಹಿಡಿದು ನಾಲೆಗೆ ಇಳಿಯುತ್ತಿದ್ದ ಅಪ್ಪನ ಚಿತ್ರ ಕಣ್ಣಮುಂದೆ ಬಂತು.

ಅದೇ ನೀರನ್ನೇ ಮತ್ತೆ ಮತ್ತೆ ತಿರುಗಿಸುವ ಉಪಾಯ ಗಟ್ಟಿಯಾದದ್ದು ವಿಲ್ಹೆಲ್ಮ್ ಮೇಬ್ಯಾಕ್‌ನಿಂದ. 1901ರ ಮರ್ಸಿಡಿಸ್ ಕಾರಿಗೆ ಆತ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 6 ಮಿಲಿಮೀಟರ್ ಅಗಲದ ಚೌಕ ಕೊಳವೆಗಳು, ಅಂಥವು ಎಂಟು ಸಾವಿರಕ್ಕೂ ಹೆಚ್ಚು. ಕೊಳವೆಯೊಳಗೆ ಗಾಳಿ, ಸುತ್ತ ನೀರು. ಕಾರಿಗೆ ಬೇಕಾದ ನೀರು 9 ಲೀಟರಿಗೆ ಇಳಿಯಿತು. ಇವತ್ತಿಗೂ ನಮ್ಮ ಗಾಡಿಗಳ ಮೂತಿಯಲ್ಲಿ ಕೂತಿರೋದು ಆ ಯೋಚನೆಯ ಮೊಮ್ಮಕ್ಕಳೇ.

ಆಮೇಲೆ ಹೆನ್ರಿ ಫೋರ್ಡ್. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮೀರಿ ಮಾಡೆಲ್ ಟಿ ಕಾರುಗಳು ಬಂದವು. 1925ರಲ್ಲಿ ಅದಕ್ಕೇ ಹಿಂದೆ ಒಂದು ತೊಟ್ಟಿ ಸೇರಿಸಿ, 281 ಡಾಲರಿಗೆ, ಕಾರ್ಖಾನೆಯಿಂದಲೇ ಪಿಕಪ್ ಅಂತ ಮಾರೋಕೆ ಶುರು ಮಾಡಿದರು. ನನ್ನ ಗಾಡಿಯ ಮುತ್ತಜ್ಜ ಅದು. ಅದರ ಬಹುಪಾಲು ಗಾಡಿಗಳಲ್ಲಿ ವಾಟರ್ ಪಂಪೇ ಇರಲಿಲ್ಲ. ಬಚ್ಚಲ ಹಂಡೆಯಲ್ಲಿ ಬಿಸಿ ನೀರು ತಾನಾಗೇ ಮೇಲೆ ಬರುತ್ತಲ್ಲ, ಅದೇ ತತ್ವ. ಇಂಜಿನ್ನಿನ ಬಿಸಿ ನೀರು ಮೇಲೇರಿ ರೇಡಿಯೇಟರಿಗೆ ಹೋಗಿ, ತಣ್ಣಗಾಗಿ, ಕೆಳಗಿನಿಂದ ವಾಪಸ್.

ಚಳಿಗಾಲದಲ್ಲಿ? ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಉಬ್ಬುತ್ತೆ, ಆ ಉಬ್ಬಿಗೆ ಎರಕದ ಕಬ್ಬಿಣದ ಇಂಜಿನ್ ಬ್ಲಾಕೂ ಸೀಳಿಹೋಗುತ್ತೆ. ಹಾಗಾಗಿ ಜನ ರಾತ್ರಿ ಮನೆಗೆ ಬಂದು ರೇಡಿಯೇಟರ್ ನಲ್ಲಿ ತಿರುಗಿಸಿ ನೀರೆಲ್ಲ ಚೆಲ್ಲೋರು, ಬೆಳಿಗ್ಗೆ ಒಲೆ ಮೇಲೆ ನೀರು ಕಾಯಿಸಿ ತುಂಬೋರು. ದಾರಿಯಲ್ಲಿ ನಿಲ್ಲಿಸಬೇಕಾದರೆ ಕುದುರೆಗೆ ಹೊದಿಸಿದ ಹಾಗೆ ಬಾನೆಟ್ಟಿನ ಮೇಲೆ ಕಂಬಳಿ. ಇನ್ನು ಕೆಲವರು ಚಳಿಗಾಲ ಬಂತೆಂದರೆ ಗಾಡಿಯನ್ನು ದಿಮ್ಮಿಗಳ ಮೇಲೆ ಕೂರಿಸಿ ಸುಮ್ಮನಾಗಿಬಿಡೋರು.

ನೀರಿಗೆ ಏನಾದರೂ ಬೆರೆಸಿ ನೋಡೋಣ ಅಂತ ಮಾಡಿದ ಪ್ರಯೋಗಗಳ ಪಟ್ಟಿ ಓದಿದರೆ ನಗು ಬರುತ್ತೆ. ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪು ಹಾಕಿದರು, ಲೋಹ ತಿಂದುಹಾಕಿತು. ಸೀಮೆಎಣ್ಣೆ ಹಾಕಿದರು, ರಬ್ಬರ್ ಹೋಸ್ ಹಾಳು. ಗ್ಲಿಸರಿನ್ ಹಾಕಿದರು, ಚಳಿಗೆ ಗಟ್ಟಿ ಪಾಕ. ಜೇನುತುಪ್ಪ ಕೂಡ ಹಾಕಿದರಂತೆ! ಕೊನೆಗೆ ಹೆಚ್ಚು ನಡೆದದ್ದು ಆಲ್ಕೋಹಾಲ್. ಅಗ್ಗ, ಹೆಪ್ಪುಗಟ್ಟಲ್ಲ, ನೀರಲ್ಲಿ ಚೆನ್ನಾಗಿ ಬೆರೆಯುತ್ತೆ. ಒಂದೇ ತೊಂದರೆ, ನಿಲ್ಲಲ್ಲ. ಮೆಥನಾಲ್ 65 ಡಿಗ್ರಿಗೆ, ಎಥನಾಲ್ 78 ಡಿಗ್ರಿಗೆ ಕುದಿಯುತ್ತೆ, ಇಂಜಿನ್ ಅದಕ್ಕಿಂತ ಬಿಸಿ. ಒಂದು ಏರು ಹತ್ತಿದರೆ ಅರ್ಧ ಆಲ್ಕೋಹಾಲ್ ಗಾಳಿಗೆ. ರೇಡಿಯೇಟರಿನಲ್ಲಿ ಉಳಿದಿರೋದು ಎಷ್ಟು ಅಂತ ಗೊತ್ತಾಗೋದು ಬೆಳಿಗ್ಗೆ ಬ್ಲಾಕ್ ಒಡೆದಾಗಲೇ. ಮೇಲಾಗಿ 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ಕುಡಿಯೋಕೆ ಬಾರದಂತೆ ವಿಷ ಬೆರೆಸಿದ ಕೈಗಾರಿಕಾ ಆಲ್ಕೋಹಾಲನ್ನು ಕುಡಿದು ಸತ್ತವರ ಲೆಕ್ಕ ಬೇರೆ.

ಈ ಹೊತ್ತಿಗೆ ಫ್ರಾನ್ಸಿನ ಒಂದು ಹಳೆಯ ಸೀಸೆ ಹೊರಗೆ ಬಂತು. 1850ರ ದಶಕದಲ್ಲಿ ಚಾರ್ಲ್ಸ್ ಅಡಾಲ್ಫ್ ವುರ್ಟ್ಜ್ ಅನ್ನೋ ರಸಾಯನಶಾಸ್ತ್ರಜ್ಞ ಪ್ಯಾರಿಸ್ಸಿನಲ್ಲಿ ಒಂದು ಮಂದವಾದ, ಬಣ್ಣವಿಲ್ಲದ ದ್ರವ ತಯಾರಿಸಿದ್ದ. ಗುಣದಲ್ಲಿ ಅದು ಗ್ಲಿಸರಿನ್ನಿಗೂ ಆಲ್ಕೋಹಾಲಿಗೂ ನಡುವೆ ಇತ್ತು, ಅದಕ್ಕೇ ಎರಡೂ ಹೆಸರು ಕತ್ತರಿಸಿ ಅಂಟಿಸಿ 'ಗ್ಲೈಕಾಲ್' ಅಂದ. ಗ್ಲಿಸರಿನ್ನಿನ ಆ 'ಗ್ಲಿ'ಗೆ ಮೂಲ ಗ್ರೀಕಿನ 'ಗ್ಲೈಕಿಸ್', ಅಂದರೆ ಸಿಹಿ. ಗ್ಲೂಕೋಸಿಗೂ ಅದೇ ಬೇರು. ನೋಡಿ, ಎಚ್ಚರಿಕೆ ಹೆಸರಿನಲ್ಲೇ ಇತ್ತು. ಸುಮಾರು ಅರವತ್ತು ವರ್ಷ ಕಾಲ ಆ ದ್ರವದಿಂದ ಹೇಳಿಕೊಳ್ಳುವಂಥ ಉಪಯೋಗ ಇರಲಿಲ್ಲ.

ಅದಕ್ಕೆ ಕೆಲಸ ಸಿಕ್ಕಿದ್ದು ಸಿಡಿಮದ್ದಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಗ್ಲಿಸರಿನ್ ಸಾಲದೆ ಜರ್ಮನರು ಬದಲಿಗೆ ಗ್ಲೈಕಾಲ್ ಬಳಸಿದರು. ಯುದ್ಧ ಮುಗಿದ ಮೇಲೆ ಡೈನಮೈಟಿನವರಿಗೆ ಅದು ಬೇರೆ ಕಾರಣಕ್ಕೆ ಬೇಕಾಯಿತು. ಡೈನಮೈಟಿನೊಳಗಿನ ನೈಟ್ರೋಗ್ಲಿಸರಿನ್ ಸುಮಾರು 13 ಡಿಗ್ರಿಗೇ ಹೆಪ್ಪುಗಟ್ಟುತ್ತೆ. ಗಣಿಯವರು ಅದನ್ನು ಒಲೆ ಹತ್ತಿರ ಇಟ್ಟು ಕರಗಿಸೋಕೆ ಹೋಗಿ ಪ್ರಾಣ ಕಳಕೊಳ್ಳುತ್ತಿದ್ದರು. ಗ್ಲೈಕಾಲಿನಿಂದ ಮಾಡಿದ ಸಿಡಿಮದ್ದು ಬೆರೆಸಿದರೆ ಆ ಕಾಟ ತಪ್ಪಿತು. 1925ರ ಹೊತ್ತಿಗೆ ಯೂನಿಯನ್ ಕಾರ್ಬೈಡ್ ಕಂಪನಿ ವೆಸ್ಟ್ ವರ್ಜೀನಿಯಾದ ಸೌತ್ ಚಾರ್ಲ್ಸ್‌ಟನ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ಗ್ಲೈಕಾಲ್ ತಯಾರಿಸತೊಡಗಿತು. ಅಂದರೆ ಕಾರಿನ ಇಂಜಿನ್ನಿಗಿಂತ ಮುಂಚೆ ಈ ದ್ರವ ಚಳಿಯಿಂದ ಕಾಪಾಡಿದ್ದು ಡೈನಮೈಟನ್ನು!

ಎರಡೇ ವರ್ಷಕ್ಕೆ, 1927ರಲ್ಲಿ, ಅದೇ ಕಂಪನಿಯ ಇನ್ನೊಂದು ಅಂಗ ಪ್ರೆಸ್ಟೋನ್ ಅನ್ನೋ ಹೆಸರಲ್ಲಿ ಎಥಿಲಿನ್ ಗ್ಲೈಕಾಲನ್ನು ಡಬ್ಬಿಗೆ ತುಂಬಿ ಕಾರಿನವರಿಗೆ ಮಾರಲು ಶುರು ಮಾಡಿತು. ಆಲ್ಕೋಹಾಲಿಗಿಂತ ಬಹಳ ದುಬಾರಿ. ಆದರೆ ಇದರ ಕುದಿಬಿಂದು 197 ಡಿಗ್ರಿ, ಆವಿಯಾಗಿ ಓಡಿಹೋಗಲ್ಲ. ಅರ್ಧ ನೀರು ಅರ್ಧ ಗ್ಲೈಕಾಲ್ ಬೆರೆಸಿದರೆ ಮೈನಸ್ 37ರವರೆಗೂ ಹೆಪ್ಪುಗಟ್ಟಲ್ಲ. ತಮಾಷೆ ಏನಂದ್ರೆ ಶುದ್ಧ ಗ್ಲೈಕಾಲ್ ಮೈನಸ್ 13ಕ್ಕೇ ಹೆಪ್ಪುಗಟ್ಟಿಬಿಡುತ್ತೆ. ನೀರೂ ಗಟ್ಟಿಯಾಗುತ್ತೆ, ಗ್ಲೈಕಾಲೂ ಗಟ್ಟಿಯಾಗುತ್ತೆ, ಇಬ್ಬರನ್ನೂ ಸೇರಿಸಿದರೆ ಒಬ್ಬರು ಸಾಲಾಗಿ ನಿಲ್ಲೋಕೆ ಇನ್ನೊಬ್ಬರು ಬಿಡಲ್ಲ.

ಇದರಿಂದ ಇಂಜಿನ್ ಮಾಡುವವರಿಗೆ ಒಂದು ಹೊಸ ಬಾಗಿಲು ತೆರೆಯಿತು. ಆಲ್ಕೋಹಾಲ್ ಕಾಲದಲ್ಲಿ ಇಂಜಿನ್ನನ್ನು ತಣ್ಣಗೇ ಇಡಬೇಕಿತ್ತು, ಈಗ ಬಿಸಿಯಾಗಿ ಓಡಿಸಬಹುದು. ಬಿಸಿಯಿದ್ದಷ್ಟೂ ಗಾಳಿಗೆ ಶಾಖ ಬೇಗ ಬಿಟ್ಟುಕೊಡುತ್ತೆ, ರೇಡಿಯೇಟರ್ ಚಿಕ್ಕದು ಸಾಕು. ವಿಮಾನಕ್ಕೆ ಇದು ವರವಾಯಿತು. ಸ್ಪಿಟ್‌ಫೈರ್‌ನ ರೋಲ್ಸ್‌ರಾಯ್ಸ್ ಮರ್ಲಿನ್ ಇಂಜಿನ್ ಮೊದಮೊದಲು ಬರೀ ಗ್ಲೈಕಾಲಿನಲ್ಲೇ ಓಡುತ್ತಿತ್ತು, ಆಮೇಲೆ ಒತ್ತಡದಲ್ಲಿಟ್ಟ 70 ಪಾಲು ನೀರು 30 ಪಾಲು ಗ್ಲೈಕಾಲಿಗೆ ಬಂದರು. ಆ ಯುದ್ಧದ ಪೈಲಟ್‌ಗಳು ಹೆದರುತ್ತಿದ್ದ ದೃಶ್ಯಗಳಲ್ಲಿ ಒಂದು, ತಮ್ಮ ವಿಮಾನದ ಹಿಂದೆ ಎದ್ದ ಬಿಳಿ ಆವಿಯ ಗೆರೆ. ರೇಡಿಯೇಟರಿಗೆ ಒಂದು ಗುಂಡು ತಾಗಿದರೂ ಗ್ಲೈಕಾಲ್ ಸುರಿದುಹೋಗಿ ಕೆಲವೇ ನಿಮಿಷಗಳಲ್ಲಿ ಇಂಜಿನ್ ಕೆಟ್ಟು ನಿಲ್ಲುತ್ತಿತ್ತು.

ಕಾರಿನಲ್ಲಿ ಕೂತವರಿಗೆ ಸಿಕ್ಕಿದ ವರ ಬೇರೆ: ಹೀಟರ್. ಅಲ್ಲಿಯವರೆಗೂ ಕಾಲಡಿ ಬಿಸಿ ಇಟ್ಟಿಗೆ, ಕೆಂಡದ ಪೆಟ್ಟಿಗೆ, ಕಂಬಳಿ, ಇಲ್ಲಾ ಹೊಗೆ ಕೊಳವೆಯ ಬಿಸಿಯನ್ನೇ ಒಳಗೆ ತಿರುಗಿಸೋ ಅಪಾಯದ ಏರ್ಪಾಡು. 1930ರ ದಶಕದಲ್ಲಿ ಇಂಜಿನ್ನಿನ ಬಿಸಿ ನೀರನ್ನೇ ಸಣ್ಣ ಕೊಳವೆಯಲ್ಲಿ ಒಳಗೆ ತಂದು, ಇನ್ನೊಂದು ಪುಟ್ಟ ರೇಡಿಯೇಟರ್ ಮೂಲಕ ಹಾಯಿಸಿ, ಹಿಂದೊಂದು ಫ್ಯಾನ್ ಇಡೋದು ಹೆಚ್ಚಾಯಿತು. 1938ರಲ್ಲಿ ನ್ಯಾಶ್ ಕಂಪನಿ ಹೊರಗಿನ ತಾಜಾ ಗಾಳಿಯನ್ನು ಹೀಗೆ ಬಿಸಿ ಮಾಡಿ ಒಳಗೆ ಬಿಡುವ ಏರ್ಪಾಡು ತಂದಿತು. ಇವತ್ತಿನ ಕಾರು, ಟ್ರಕ್ಕುಗಳಲ್ಲಿರೋದು ಹೆಚ್ಚುಕಡಿಮೆ ಅದೇ ಜೋಡಣೆ.

ಇಷ್ಟು ಓದಿದ ಮೇಲೆ ನನ್ನ ತಲೆಯಲ್ಲಿ ದೀಪ ಹತ್ತಬೇಕಿತ್ತು. ಹತ್ತಲಿಲ್ಲ! ಹತ್ತಿಸಿದ್ದು ಪಕ್ಕದ ಮನೆಯ ಅಜ್ಜ. ಕಾರ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು, ಮೂರು ಡಿಗ್ರಿ ಚಳಿಯಲ್ಲೂ ಬರೀ ಶರ್ಟಿನಲ್ಲಿ ಓಡಾಡೋ ಜೀವ. ಒಂದು ಶನಿವಾರ ನಾನು ಬಾನೆಟ್ಟಿನೊಳಗೆ ತಲೆ ತೂರಿಸಿದ್ದನ್ನು ನೋಡಿ ಬಂದರು. ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಟ್ರಕ್ಕಿನೊಳಗೆ ಕೂತು, ಹೀಟರ್ ಜೋರು ಮಾಡಿ, ಕಣ್ಣು ಮುಚ್ಚಿ ಉಸಿರೆಳೆದರು. ಮುಂದಿನ ಗಾಜಿನ ಒಳಮೈಯನ್ನು ಬೆರಳಲ್ಲಿ ಒರೆಸಿ ನನಗೆ ತೋರಿಸಿದರು. ಜಿಡ್ಡು. ನಾನು ಮೂರು ವಾರದಿಂದ ಬರೀ ಮಂಜು ಅಂದುಕೊಂಡು ಒರೆಸುತ್ತಿದ್ದೆ. ಆಮೇಲೆ ಪಕ್ಕದ ಸೀಟಿನ ಮುಂದೆ ನೆಲದ ಕಾರ್ಪೆಟ್ ಅಡಿಗೆ ಕೈ ತೂರಿಸಿದರು. ಒದ್ದೆ.

"ನೀನು ಹೊರಗೆ ಹುಡುಕ್ತಾ ಇದೀಯ. ವಾಸನೆ ಬರ್ತಿರೋದು ಒಳಗೆ ತಾನೆ?" ಅಂದರು.

ಹೀಟರ್ ಕೋರ್. ಅದೇ ಆ ಪುಟ್ಟ ರೇಡಿಯೇಟರ್, ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಕೂತಿರೋದು. ಗ್ಲೈಕಾಲ್ ತಣ್ಣಗಿರುವಾಗ ಅದರ ವಾಸನೆ ಇಲ್ಲವೆನ್ನುವಷ್ಟು ಕಮ್ಮಿ. ಬಿಸಿಯಾದ ಕೋರಿನ ಸೂಜಿಮೊನೆಯಷ್ಟು ತೂತಿನಿಂದ ಹೊರಬಂದು, ಫ್ಯಾನಿನ ಗಾಳಿಗೆ ಸಿಕ್ಕಿ, ಗಾಜಿನ ಮೇಲೆ ಜಿಡ್ಡಾಗಿ ಕೂರುತ್ತೆ, ಮೂಗಿಗೆ ಪಾಕದಂತೆ ಬಡಿಯುತ್ತೆ. ಬರೀ ನೀರಾಗಿದ್ದರೆ ಆವಿಯಾಗಿ ಗುರುತೇ ಇಲ್ಲದೆ ಹೋಗೋದು. ಅಪ್ಪನ ಟ್ರಾಕ್ಟರಿನಲ್ಲಿ ಎಷ್ಟು ಸಲ ಹಾಗೆ ಹೋಗಿದೆಯೋ!

ಅನುಮಾನ ಖಚಿತ ಮಾಡೋಕೆ ಅಜ್ಜ ಎರಡು ಸಾಮಾನು ತಂದರು. ಒಂದು ಸೈಕಲ್ ಪಂಪಿನಂಥದು, ರೇಡಿಯೇಟರ್ ಬಾಯಿಗೆ ಸಿಕ್ಕಿಸಿ 15 ಪೌಂಡ್ ಒತ್ತಡ ಕೊಟ್ಟರೆ ಮುಳ್ಳು ನಿಧಾನಕ್ಕೆ ಕೆಳಗಿಳಿಯಿತು. ಇನ್ನೊಂದು ನೇರಳೆ ಬೆಳಕಿನ ಟಾರ್ಚ್. ಡ್ಯಾಶ್‌ಬೋರ್ಡ್ ಕೆಳಗಿನಿಂದ ನೀರು ಹೊರಹೋಗೋ ಕೊಳವೆಯ ಬಾಯಿಗೆ ಹಿಡಿದರೆ ಮಿಂಚುಹುಳದಂಥ ಹಸಿರು.

ಈ ಹಸಿರಿನದೇ ಒಂದು ಕತೆ, ಹೇಳದೆ ಬಿಡೋಕೆ ಮನಸ್ಸಿಲ್ಲ. ಹಳೆಯ ಹಸಿರು ಕೂಲಂಟಿಗೆ ಹಾಕುವ ಬಣ್ಣ ಫ್ಲೋರೆಸಿನ್, 1871ರಲ್ಲಿ ಅಡಾಲ್ಫ್ ಫಾನ್ ಬೇಯರ್ ಮಾಡಿದ್ದು. ಆರೇ ವರ್ಷಕ್ಕೆ ಅದು ಪತ್ತೇದಾರಿ ಕೆಲಸಕ್ಕೆ ಇಳಿಯಿತು. ದಕ್ಷಿಣ ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ನೀರು ಒಂದು ಕಡೆ ನೆಲದೊಳಗೆ ಇಂಗಿ ಮಾಯವಾಗುತ್ತೆ. ಎಲ್ಲಿಗೆ ಹೋಗುತ್ತೆ ಅನ್ನೋದು ಜಗಳದ ವಿಷಯ. 1877ರಲ್ಲಿ ಅಲ್ಲಿ 10 ಕೆಜಿ ಫ್ಲೋರೆಸಿನ್ ಸುರಿದರು. ಸುಮಾರು 60 ಗಂಟೆ ಕಳೆದ ಮೇಲೆ, 12 ಕಿಲೋಮೀಟರ್ ದೂರದ ಆಖ್ ಊಟೆಯಲ್ಲಿ ನೀರು ಹಸಿರಾಗಿ ಹೊಳೆಯುತ್ತಾ ಮೇಲೆ ಬಂತು. ಡ್ಯಾನ್ಯೂಬಿನ ನೀರು ಕಪ್ಪು ಸಮುದ್ರಕ್ಕೆ ಹೋಗೋ ಬದಲು ರೈನ್ ನದಿಯ ಕಡೆಗೆ ಸೋರುತ್ತಿತ್ತು. ಒಂದು ನದಿಯ ಲೀಕ್ ಹಿಡಿದ ಬಣ್ಣದಲ್ಲೇ ನನ್ನ ಟ್ರಕ್ಕಿನ ಲೀಕೂ ಸಿಕ್ಕಿತು.

ಕೋರ್ ಬದಲಾಯಿಸೋದು ಅಂದರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಅಂಗಡಿಯಲ್ಲಿ ಕೇಳಿದರೆ ಸಾವಿರ ಡಾಲರ್ ಹತ್ತಿರ ಅಂದರು, ಸಾಮಾನಿನ ಬೆಲೆ ಅರವತ್ತು ಚಿಲ್ಲರೆ. "ನಾವೇ ಮಾಡೋಣ" ಅಂದರು ಅಜ್ಜ. ಅಲ್ಲಿಯವರೆಗೆ ಕೋರಿಗೆ ಹೋಗುವ ಎರಡು ಹೋಸ್‌ಗಳನ್ನು ಕಿತ್ತು ಒಂದಕ್ಕೊಂದು ಜೋಡಿಸಿಬಿಡೋಣ ಅಂತ ಕೆಲಸಕ್ಕೆ ಇಳಿದೆವು. ನಾನು ಹೋಸ್ ಎಳೆದೆ, ಅರ್ಧ ಲೋಟದಷ್ಟು ಕೂಲಂಟ್ ಹಿಮದ ಮೇಲೆ ಚೆಲ್ಲಿತು. ಅಚ್ಚ ಬಿಳಿಯ ಮೇಲೆ ಅಚ್ಚ ಹಸಿರು.

ಅಜ್ಜ ಮೊದಲು ಮಾಡಿದ ಕೆಲಸ, ತಮ್ಮ ನಾಯಿಯನ್ನು ಮನೆಯೊಳಗೆ ಕೂಡಿಹಾಕಿದ್ದು. ಆಮೇಲೆ ಸಲಿಕೆ ತಂದು, ಹಸಿರಾದ ಹಿಮವನ್ನೆಲ್ಲ ಕೆರೆದು ಒಂದು ಬಕೆಟ್ಟಿಗೆ ತುಂಬಿ ಮುಚ್ಚಳ ಹಾಕಿದರು. ಅದರ ಮೇಲೂ ನೀರು ಹುಯ್ದು, ಮತ್ತೆ ಕೆರೆದರು. ನನಗೆ ಸ್ವಲ್ಪ ಅತಿ ಅನ್ನಿಸಿತು, ಮುಖದಲ್ಲಿ ಕಂಡಿರಬೇಕು. ಹಿಂದೆ ಇನ್ನೊಂದು ನಾಯಿ ಇತ್ತು ಅಂದರು. ಗ್ಯಾರೇಜಿನ ನೆಲದಲ್ಲಿ ಚೆಲ್ಲಿದ್ದನ್ನು ನೆಕ್ಕಿತ್ತು. ಮೊದಲ ದಿನ ಕುಡಿದವರ ಹಾಗೆ ತೂರಾಡಿತು, ಮರುದಿನ ಸರಿಹೋದ ಹಾಗೆ ಕಂಡಿತು, ಮೂರನೆಯ ದಿನ ಇರಲಿಲ್ಲ. ಅಷ್ಟು ಹೇಳಿ ಸ್ಪ್ಯಾನರ್ ಕೇಳಿದರು.

ಎಥಿಲಿನ್ ಗ್ಲೈಕಾಲ್ ನಿಜವಾಗಿಯೂ ಸಿಹಿ. ಅದೇ ಅದರ ದೊಡ್ಡ ಕೇಡು. ಬೆಕ್ಕಿಗೆ ಒಂದೆರಡು ಚಮಚ ಸಾಕು. ಹೊಟ್ಟೆಗೆ ಹೋದ ಗ್ಲೈಕಾಲನ್ನು ಪಿತ್ತಜನಕಾಂಗ ಒಂದೊಂದೇ ಮೆಟ್ಟಿಲು ಇಳಿಸಿ ಕೊನೆಗೆ ಆಕ್ಸಾಲಿಕ್ ಆಮ್ಲ ಮಾಡುತ್ತೆ, ಅದು ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳಾಗಿ ಕೂರುತ್ತೆ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತಲ್ಲ, ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಇದಕ್ಕೆ ಹಳೆಯ ಮದ್ದು ಯಾವುದು ಗೊತ್ತೇ? ಎಥನಾಲ್, ನಮ್ಮ ಮಾಮೂಲಿ ಮದ್ಯಸಾರ. ಯಕೃತ್ತಿನ ಕಿಣ್ವ ಮೊದಲು ಅದರ ಹಿಂದೆ ಹೋಗುತ್ತೆ, ಅಷ್ಟರಲ್ಲಿ ಗ್ಲೈಕಾಲ್ ಹಾಗೇ ಮೂತ್ರದಲ್ಲಿ ಜಾರಿಹೋಗುತ್ತೆ. ಅದೇ ಕೆಲಸ ಮಾಡುವ ಫೋಮೆಪಿಜೋಲ್ ಅನ್ನೋ ಔಷಧಿಗೆ ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿತು. ರೇಡಿಯೇಟರಿನಿಂದ ಆಲ್ಕೋಹಾಲನ್ನು ಓಡಿಸಿದ ಗ್ಲೈಕಾಲಿಗೆ ದೇಹದೊಳಗೆ ಆಲ್ಕೋಹಾಲೇ ಎದುರಾಳಿ.

ನಾಯಿ ಬೆಕ್ಕಿನ ಮಾತು ಹಾಗಿರಲಿ. ಗ್ಲೈಕಾಲ್ ತಯಾರಿಸುವ ಅದೇ ಕಾರ್ಖಾನೆಯಲ್ಲಿ, ಅದೇ ಕ್ರಿಯೆಯಲ್ಲಿ, ಜೊತೆಗೇ ಹುಟ್ಟುವ ಒಬ್ಬ ತಮ್ಮನಿದ್ದಾನೆ: ಡೈಎಥಿಲಿನ್ ಗ್ಲೈಕಾಲ್. ಅದೂ ಸಿಹಿ, ಅದೂ ಮೂತ್ರಪಿಂಡಕ್ಕೆ ಹಗೆ. 1937ರಲ್ಲಿ ಟೆನೆಸ್ಸಿಯ ಮ್ಯಾಸೆಂಗಿಲ್ ಕಂಪನಿ ಸಲ್ಫಾನಿಲಮೈಡ್ ಮಾತ್ರೆಯನ್ನು ಮಕ್ಕಳೂ ಕುಡಿಯುವಂತೆ ಸಿರಪ್ ಮಾಡಲು ಹೊರಟಿತು. ಅದು ನೀರಿನಲ್ಲಿ ಸರಿಯಾಗಿ ಕರಗಲ್ಲ, ಡೈಎಥಿಲಿನ್ ಗ್ಲೈಕಾಲಿನಲ್ಲಿ ಕರಗಿತು. ರುಚಿ ನೋಡಿದರು, ಬಣ್ಣ ನೋಡಿದರು, ಪರಿಮಳ ನೋಡಿದರು. ವಿಷವೋ ಅಂತ ಯಾರೂ ನೋಡಲಿಲ್ಲ, ಕಾನೂನು ಅದನ್ನು ಕೇಳುತ್ತಲೂ ಇರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಎಷ್ಟೋ ಮಂದಿ ಮಕ್ಕಳು. ಸರ್ಕಾರದವರು ಸೀಸೆಗಳನ್ನು ಜಪ್ತಿ ಮಾಡೋಕೆ ಸಿಕ್ಕಿದ ಆಧಾರ ಕೇಳಿದರೆ ಸಿಟ್ಟು ಬರುತ್ತೆ: 'ಎಲಿಕ್ಸರ್' ಅಂತ ಹೆಸರಿಡಬೇಕಾದರೆ ಆಲ್ಕೋಹಾಲ್ ಇರಬೇಕು, ಇದರಲ್ಲಿ ಇಲ್ಲ, ಆದ್ದರಿಂದ ಲೇಬಲ್ ತಪ್ಪು! ಕೊಂದದ್ದಕ್ಕಲ್ಲ, ಹೆಸರು ತಪ್ಪಿದ್ದಕ್ಕೆ. ಮರುವರ್ಷ, 1938ರಲ್ಲಿ, ಮಾರುವ ಮೊದಲು ಔಷಧಿ ಸುರಕ್ಷಿತ ಅಂತ ತೋರಿಸಲೇಬೇಕೆಂಬ ಕಾನೂನು ಅಮೆರಿಕದಲ್ಲಿ ಬಂತು.

ಅದು ಅಲ್ಲಿಗೆ ಮುಗಿಯಬೇಕಿತ್ತು. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲಿನ್ ಗ್ಲೈಕಾಲ್ ಬೆರೆತ ಗ್ಲಿಸರಿನ್ ಕೊಟ್ಟು 14 ಜನ ಸತ್ತರು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತಾಗ ವಿಶ್ವ ಆರೋಗ್ಯ ಸಂಸ್ಥೆ ಬೊಟ್ಟು ಮಾಡಿದ್ದು ನಮ್ಮ ದೇಶದಲ್ಲಿ ತಯಾರಾದ ಸಿರಪ್‌ಗಳ ಕಡೆಗೆ. ಅವುಗಳಲ್ಲಿ ಅಣ್ಣ ತಮ್ಮ ಇಬ್ಬರೂ ಸಿಕ್ಕಿದ್ದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದ ಕಡೆ ಮತ್ತೆ ಅದೇ ಕೆಮ್ಮಿನ ಸಿರಪ್, ಮತ್ತೆ ಅದೇ ವಿಷ, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಗ್ಲಿಸರಿನ್, ಪ್ರೊಪಿಲಿನ್ ಗ್ಲೈಕಾಲ್‌ಗಳ ಪ್ರತಿ ಡ್ರಮ್ಮನ್ನೂ ಬಳಸುವ ಮೊದಲು ಪರೀಕ್ಷೆ ಮಾಡಿದರೆ ಸಿಕ್ಕಿಬೀಳುವ ವಿಷ ಇದು. ಒಂದು ಸೂಜಿಮೊನೆ ತೂತು ಹುಡುಕೋಕೆ ನಾನು ಎರಡು ವಾರ ತಲೆಕೆಡಿಸಿಕೊಂಡೆ, ಮಕ್ಕಳ ಬಾಯಿಗೆ ಹೋಗೋ ಔಷಧಿಗೆ ಒಂದು ಟೆಸ್ಟ್ ಮಾಡೋಕೆ ಇವರಿಗೇನು ಬಂದಿತ್ತು?

ಕೂಲಂಟಿನ ಮಟ್ಟಿಗೆ ಒಂದು ದಾರಿ ಕಂಡುಕೊಂಡಿದ್ದಾರೆ. 1958ರಲ್ಲಿ ಸ್ಕಾಟ್ಲೆಂಡಿನ ಒಂದು ಔಷಧ ಕಂಪನಿಯವರು ಅರಿವಳಿಕೆ ಮದ್ದು ಹುಡುಕುತ್ತಿದ್ದಾಗ ಡಿನಾಟೋನಿಯಂ ಅನ್ನೋ ವಸ್ತು ಕೈಗೆ ಸಿಕ್ಕಿತು. ಲೋಕದಲ್ಲೇ ಅದರಷ್ಟು ಕಹಿ ಇನ್ನೊಂದಿಲ್ಲ ಅಂತಾರೆ, ನಮ್ಮ ಹಾಗಲಕಾಯಿ ಅದರ ಮುಂದೆ ಜಾಮೂನು. ಚಿಟಿಕೆ ಹಾಕಿದರೂ ಯಾರೂ ಎರಡನೆಯ ಗುಟುಕು ಕುಡಿಯಲ್ಲ. 2012ರ ಕೊನೆಯಲ್ಲಿ ಅಮೆರಿಕದ ದೊಡ್ಡ ತಯಾರಕರು ಅಂಗಡಿಯಲ್ಲಿ ಮಾರುವ ಕೂಲಂಟಿಗೆಲ್ಲ ಇದನ್ನು ಬೆರೆಸೋಕೆ ಒಪ್ಪಿಕೊಂಡರು. ವಾಸನೆ ಸಿಹಿಯಾಗೇ ಇದೆ, ರುಚಿ ಮಾತ್ರ ಕಹಿ. ನಾಯಿ ಎರಡನೆಯ ಸಲ ನೆಕ್ಕದಿರಬಹುದು, ಮೊದಲನೆಯ ಸಲ ನೆಕ್ಕೋದನ್ನು ತಡೆಯೋಕಾಗಲ್ಲ ಅಂತಾರೆ ಅಜ್ಜ. ಅದಕ್ಕೇ ಆ ಸಲಿಕೆ, ಆ ಬಕೆಟ್ಟು.

ಒಂದು ವಾರ ಹೀಟರ್ ಇಲ್ಲದೆ, ಮಾಡೆಲ್ ಟಿ ಕಾಲದವರ ಹಾಗೆ ಕಾಲ ಮೇಲೆ ಕಂಬಳಿ ಹೊದ್ದು, ಗಾಜು ಒರೆಸುತ್ತಾ, ಹತ್ತಿರದಲ್ಲೇ ಓಡಾಡಿಕೊಂಡಿದ್ದೆ. ಮುಂದಿನ ಶನಿವಾರ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಸಂಜೆ ಆರಕ್ಕೆ ಮುಗಿಸಿದೆವು. ಮೂರು ಸ್ಕ್ರೂ ಮಿಕ್ಕಿವೆ, ಎಲ್ಲಿಯವೋ ಇಬ್ಬರಿಗೂ ಗೊತ್ತಿಲ್ಲ. ಹಳೆಯ ಕೋರ್ ಹೊರಗೆ ಬಂದಾಗ ನೋಡಿದರೆ, ಅಂಗೈ ಅಗಲದ ಅಲ್ಯೂಮಿನಿಯಂ ಜಾಲರಿ, ಒಂದು ಮೂಲೆಯಲ್ಲಿ ಬೆಲ್ಲದ ಅಚ್ಚಿನ ತಳದಲ್ಲಿ ಅಂಟಿರುತ್ತಲ್ಲ ಅಂಥ ಹಸಿರುಗಟ್ಟಿದ ಅಂಟು. ಬಕೆಟ್ಟಿನ ಮೇಲೆ ಟೇಪ್ ಅಂಟಿಸಿ, ದಪ್ಪ ಅಕ್ಷರದಲ್ಲಿ 'ವಿಷ' ಅಂತ ಬರೆದು, ಊರಿನವರು ಅಪಾಯದ ಕಸ ತೆಗೆದುಕೊಳ್ಳುವ ದಿನ ಇಬ್ಬರೂ ಹೋಗಿ ಕೊಟ್ಟುಬಂದೆವು. ಅಜ್ಜನ ನಾಯಿ ಹಿಂದಿನ ಸೀಟಿನಲ್ಲಿತ್ತು.

ಅಪ್ಪನಿಗೆ ಫೋನ್ ಮಾಡಿ ಇಷ್ಟೂ ಕತೆ ಹೇಳಿದೆ. ಬೆಂಜ್, ಡೈನಮೈಟ್, ಡ್ಯಾನ್ಯೂಬ್ ಎಲ್ಲಾ. ನಮ್ಮೂರಲ್ಲಿ ನೀರು ಹೆಪ್ಪುಗಟ್ಟಲ್ಲ ನಿಜ, ಆದರೆ ಬೋರ್‌ವೆಲ್ ನೀರಿನ ಸುಣ್ಣ ರೇಡಿಯೇಟರ್ ಕಟ್ಟಿಹಾಕುತ್ತೆ, ಒಳಗೆ ತುಕ್ಕು ಹಿಡಿಯುತ್ತೆ, ಕೂಲಂಟಿನಲ್ಲಿ ಅದನ್ನು ತಡೆಯೋ ಮದ್ದೂ ಇರುತ್ತೆ ಅಂತಲೂ ಹೇಳಿದೆ. ಅಪ್ಪ ಎಲ್ಲಾ ಕೇಳಿಸಿಕೊಂಡರು.

"ಲೀಟ್ರಿಗೆ ಎಷ್ಟಾಯ್ತದೆ?"

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಕೊಟ್ಟಿಗೇಲಿ ಹಸ ಅವೆ, ನಾಯಿ ಐತೆ, ನಿಮ್ಮಕ್ಕನ ಮಗ ಬೇರೆ ಸಿಕ್ಕಿದ್ದೆಲ್ಲ ಬಾಯಿಗ್ ಹಾಕ್ತಾನೆ. ಡಬ್ಬ ತಂದ್ರೆ ಅಟ್ಟದ್ ಮೇಲ್ ಮಡಗ್ಬೇಕು ಅನ್ನು."

"ಹೂಂ ಕಣಪ್ಪ."

"ಮಡಗೋಣ ಬುಡು" ಅಂದರು.